ಐವತ್ತು ನಿಮಿಷದ ಟೂಲ್

"ಇದು ನಿಮ್ಮ ಕುರ್ಚಿನಾ?" ಅಂತ ಅವರು ಕೇಳಿದಾಗ ಹೌದು ಅನ್ನಬೇಕಿತ್ತು. "ಇಲ್ಲ, ಕೂತ್ಕೊಳ್ಳಿ" ಅಂದುಬಿಟ್ಟೆ. ಟೆಸ್ಟ್ ರೂಮಿನಲ್ಲಿ ಆರು ವರ್ಷದಿಂದ ನಾನೊಬ್ಬಳೇ. ಎರಡನೇ ಕುರ್ಚಿಯ ಅಗತ್ಯವೇ ಬಿದ್ದಿರಲಿಲ್ಲ. ಅವತ್ತು ಮಧ್ಯಾಹ್ನ ಇನ್ನೊಂದು ಕುರ್ಚಿ ಬರುವವರೆಗೂ ಪ್ರಿಂಟರ್ ಕಾಗದದ ಡಬ್ಬದ ಮೇಲೆ ಕೂತಿದ್ದೆ.

ನಮ್ಮದು ಸೇತುವೆಗಳ ಬಲ ಲೆಕ್ಕ ಹಾಕುವ ಸಾಫ್ಟ್‌ವೇರ್. ಅದರ ಜೊತೆ ಇನ್ನೂ ಅರವತ್ತು ಸಣ್ಣ ಪ್ರೋಗ್ರಾಂಗಳು, ಸರಿಯಾದ ವರ್ಷನ್‌ನಲ್ಲೇ, ಸೈಟ್ ಇಂಜಿನಿಯರುಗಳ ಕಂಪ್ಯೂಟರಿಗೆ ಹೋಗಬೇಕು. ಒಂದು ತಪ್ಪಿದರೂ ಎಲ್ಲ ಕೈಕೊಡುತ್ತದೆ. ಹಾಗೆ ತಲುಪಿಸುವ ಮೂರು ಪ್ಯಾಕೇಜ್ ಟೂಲ್‌ಗಳನ್ನು ಹೋಲಿಸಿ ಒಂದನ್ನು ಆರಿಸಿ ಅಂತ ಮ್ಯಾನೇಜರ್ ಮೇಡಂ ನಮ್ಮಿಬ್ಬರಿಗೆ ಹೇಳಿದ್ದರು. ಈ ಮನುಷ್ಯ ಬೇರೆ ಊರಿನ ಆಫೀಸಿನಿಂದ ಮೂರು ವಾರಕ್ಕೆ ಬಂದವರು. ಕುತ್ತಿಗೆಯಲ್ಲಿ ಸದಾ ನೇತಾಡುವ ವಸ್ತುವಿನಿಂದಾಗಿ ಆಫೀಸೆಲ್ಲ ಅವರನ್ನು 'ಸ್ಟಾಪ್‌ವಾಚ್' ಅಂತಲೇ ಕರೆಯಿತು.

ಮೊದಲನೇ ಟೂಲ್ ಎಲ್ಲವನ್ನೂ ಸಿದ್ಧಮಾಡಿಯೇ ಕಳಿಸುತ್ತಿತ್ತು: ನಾಲ್ಕು ನಿಮಿಷ. ಎರಡನೆಯದಕ್ಕೆ ಒಂಬತ್ತು, ಆದರೆ ಅದು ಡಿಸ್ಕ್ ಜಾಗವನ್ನೆಲ್ಲ ನುಂಗುತ್ತಿತ್ತು. ಮೂರನೆಯದು ಪ್ರತಿ ತುಂಡನ್ನೂ ಆ ಕಂಪ್ಯೂಟರಿನಲ್ಲೇ ಹೊಸದಾಗಿ ಕಟ್ಟುತ್ತಿತ್ತು. ಐವತ್ತು ನಿಮಿಷ! ಸ್ಕ್ರೀನ್ ಮೇಲೆ ಸಾಲುಗಳು ಓಡುತ್ತಿರುತ್ತವೆ, ನಮಗೆ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಆಗ ಅವರು ಕಿತ್ತಳೆ ಸುಲಿದು, ಬಿಳಿ ನಾರನ್ನೆಲ್ಲ ತೆಗೆದು, ತೊಳೆಗಳನ್ನು ನನ್ನ ಕೀಬೋರ್ಡ್ ಪಕ್ಕ ಇಡುತ್ತಿದ್ದರು.

"ನಾನು ಕೇಳಿದ್ನಾ?"

"ನೋಡ್ತಿದ್ರಲ್ಲ."

"ನಾನು ಸ್ಕ್ರೀನ್ ನೋಡ್ತಿದ್ದೆ."

"ಸ್ಕ್ರೀನ್ ಆ ಕಡೆ ಇದೆ."

ಮನೆಯಲ್ಲಿ ನಾನು ಬಾಯಿ ಬಿಡುವುದು ವಾರಕ್ಕೊಮ್ಮೆ, ತಂಗಿ ಫೋನ್ ಮಾಡಿದಾಗ. "ಅಕ್ಕಾ, ಊಟ ಆಯ್ತಾ?" ಅನ್ನುತ್ತಾಳೆ. ಆಯ್ತು ಅನ್ನುತ್ತೇನೆ. ಅಷ್ಟರಲ್ಲಿ ಅವಳ ಮಗು ಅಳುತ್ತದೆ, ಅವಳು ಫೋನ್ ಇಡುತ್ತಾಳೆ. ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟರೆ ನನ್ನ ದಿನ ಮುಗಿಯಿತು. ಒಂಟಿತನ ಅಭ್ಯಾಸವಾಗಿಬಿಟ್ಟಿದೆ ಅಂದುಕೊಂಡಿದ್ದೆ. ಎಲ್ಲಿಯ ಅಭ್ಯಾಸ!

ಹಾಗಾಗಿ ಒಂದು ಕಳ್ಳಾಟ ಶುರುಮಾಡಿದೆ. ಪ್ರತಿ ಟೂಲಿಗೆ ಮೂರು ಟೆಸ್ಟ್ ಸಾಕಿತ್ತು. "ಅಯ್ಯೋ, ಟೈಮ್ ಬರ್ಕೊಳ್ಳೋದೇ ಮರೆತೆ" ಅಂತ ಮೂರನೆಯದನ್ನು ಮತ್ತೊಮ್ಮೆ ಓಡಿಸಿದೆ. ಎರಡು ದಿನ ಬಿಟ್ಟು ಅದೇ ನೆಪ. ನನ್ನ ಪುಣ್ಯಕ್ಕೆ ನಡುನಡುವೆ ನೆಟ್‌ವರ್ಕ್ ಕೂಡ ಕೈಕೊಡುತ್ತಿತ್ತು. "ನೆಟ್‌ವರ್ಕ್ ನಿಧಾನ ಇತ್ತು, ಇದು ಲೆಕ್ಕಕ್ಕಿಲ್ಲ, ಮತ್ತೆ ಮಾಡೋಣ" ಅಂತ ಅವರೇ ಅನ್ನುತ್ತಿದ್ದರು.

ಕೊನೆಯ ಶುಕ್ರವಾರ ಮಧ್ಯಾಹ್ನ ಮೇಡಂ ರಿಪೋರ್ಟ್ ಓದಿದರು.

"ಒಂದನೇದು ಆರಿಸಿದ್ದು ಸರಿ. ಬೇಡ ಅಂದಿರೋ ಮೂರನೇದಕ್ಕೆ ಎಂಟು ಟೆಸ್ಟ್ ಯಾಕೆ?"

ನನ್ನ ಕಿವಿ ಬಿಸಿಯಾಯಿತು. "ಹೆಚ್ಚಿಗೆ ಎರಡು ನನ್ನ ತಪ್ಪು, ಮೇಡಂ."

"ಇನ್ನೂ ಮೂರಕ್ಕೆ ನೆಟ್‌ವರ್ಕ್ ತೊಂದರೆ ಅಂತ ಬರೆದಿದೀರಿ. ಆ ದಿನಗಳಲ್ಲಿ ನೆಟ್‌ವರ್ಕ್ ಚೆನ್ನಾಗೇ ಇತ್ತಲ್ಲ?"

ಸ್ಟಾಪ್‌ವಾಚಿನ ದಾರವನ್ನು ಬೆರಳಿಗೆ ಸುತ್ತುತ್ತ ಅವರು ನೆಲ ನೋಡುತ್ತಿದ್ದರು. ಮೇಡಂ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಸಹಿ ಹಾಕಿ ಹೊರಟುಹೋದರು.

"ನೆಟ್‌ವರ್ಕ್ ಚೆನ್ನಾಗಿತ್ತಾ?" ಅಂದೆ.

"ಚೆನ್ನಾಗೇ ಇತ್ತು. ನೀವು ಟೈಮ್ ಬರ್ಕೊಂಡಿದ್ರಿ, ಅಲ್ವಾ?"

"ಬರ್ಕೊಂಡಿದ್ದೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವರ ಬ್ಯಾಗ್ ಆಗಲೇ ಬಾಗಿಲ ಬಳಿ ಇತ್ತು. ಸೋಮವಾರದಿಂದ ಈ ರೂಮಿನಲ್ಲಿ ಎರಡು ಕುರ್ಚಿ, ನಾನೊಬ್ಬಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಮೊದಲು ಮಾತಾಡೋಕೆ ಯಾರಾದ್ರೂ ಇದ್ರೆ ಸಾಕಾಗಿತ್ತು. ಈಗ ಯಾರಾದ್ರೂ ಆದ್ರೆ ಆಗಲ್ಲ. ನೀವೇ ಬೇಕು."

ಅವರು ಕುರ್ಚಿ ಎಳೆದು ಕೂತು, ಬ್ಯಾಗಿನಿಂದ ದಾರಿಗಿಟ್ಟುಕೊಂಡಿದ್ದ ಕಿತ್ತಳೆ ತೆಗೆದರು. ಸುಲಿದು ನಾರು ತೆಗೆಯತೊಡಗಿದರು.

"ನಾಲ್ಕೂವರೆ ಬಸ್ಸು ಬಿಟ್ರೆ ಮುಂದಿನದು ಆರೂವರೆಗೆ," ಅಂದರು.

ನಾನು ಕಂಪ್ಯೂಟರ್ ಖಾಲಿ ಮಾಡಿ ಮೂರನೇ ಟೂಲನ್ನು ಶುರುಮಾಡಿದೆ.

"ಹಾಗಾದ್ರೆ ಎರಡು ಸಲ ಓಡಿಸಬಹುದು," ಅಂದೆ.