ದುಬೈ ಕ್ಯಾಸೆಟ್ಟಿನಲ್ಲಿ ನನ್ನ ಡೈಲಾಗು

ಒಂದು ಹಳೇ ಹಿಂದಿ ಸಿನಿಮಾ ಇದೆ; ಅದರ ಡೈಲಾಗುಗಳು ಕುಮಟಾದಿಂದ ಭಟ್ಕಳದವರೆಗೆ ನನ್ನಷ್ಟು ಯಾರಿಗೂ ಬಾಯಿಗೆ ಬರುವುದಿಲ್ಲ. ಭಟ್ಕಳದ ಗೆಳೆಯ ಇಮಾದ್‌ಗೆ ಇದನ್ನು ಸಹಿಸಲಾಗಲಿಲ್ಲ.

"ಆ ಸಿನಿಮಾದ ನಮ್ಮನೆ ಡಿವಿಡಿಗೂ ಅಜ್ಜ ದುಬೈಯಿಂದ ತಂದ ವಿಡಿಯೋ ಕ್ಯಾಸೆಟ್ಟಿಗೂ ಎಂತ ವ್ಯತ್ಯಾಸ ಹೇಳು. ಹೇಳದಿದ್ರೆ ಡೈಲಾಗ್ ಕಿಂಗ್ ಪಟ್ಟ ಹೋತು."

ಮೊದಲು ಡಿವಿಡಿ ಹಾಕಿ ಟಿವಿಯ ಸದ್ದು ಪೂರ್ತಿ ಬಂದ್ ಮಾಡಿದ. ನಾನು ತುಟಿಗೆ ತಕ್ಕಂತೆ ಮಾತು ಕೂಡಿಸಿದೆ. ಖಳನಾಯಕ ಬೆನ್ನು ತಿರುಗಿಸಿ ನಿಂತಾಗ, ತರಲೆಗೆ ನನ್ನದೇ ಸಾಲು ಸೇರಿಸಿದೆ: "ಮೌತ್ ಆಯೇ ತೋ ಕೆಹನಾ, ಸಾಹಬ್ ಘರ್ ಪೇ ನಹೀ ಹೈ." ಆಗಷ್ಟೇ ಕುಡಿದಿದ್ದ ಸೋಡಾಕ್ಕೆ ಸಾಲಿನ ಕೊನೆಯಲ್ಲಿ ಬಿಕ್ಕಳಿಕೆ ಬಂತು.

"ಸಾವು ಬಂದ್ರೆ ಮನೇಲಿಲ್ಲ ಅನ್ನೂದಾ? ಇದು ಸಿನಿಮಾದಲ್ಲಿಲ್ಲ ಮಾರಾಯ!" ಇಮಾದ್ ನಕ್ಕ.

ಮಧ್ಯಾಹ್ನದ ಸೆಕೆಯಲ್ಲೂ ಕ್ಯಾಸೆಟ್ಟು ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ಸದ್ದು ಜೋರಾಗಿಟ್ಟು ಹಾಕಿದೆವು. ಖಳನಾಯಕ ಬೆನ್ನು ತಿರುಗಿಸಿದ. ನನ್ನ ಸಾಲು ಬಂತು, ನನ್ನದೇ ದನಿಯಲ್ಲಿ. ಬಿಕ್ಕಳಿಕೆಯೂ ಬಂತು. ತೆರೆಯ ಕೆಳಗಿನ ಅರಬ್ಬಿ ಸಬ್‌ಟೈಟಲ್ಲಿನಲ್ಲೂ ಅದೇ ಮಾತು ಇದೆಯೆಂದು ಇಮಾದ್ ಓದಿ ಹೇಳಿದ. ಅವನ ನಗು ನಿಂತಿತ್ತು.

ಒಳಗಿನಿಂದ ಅಜ್ಜ ಬಂದರು. "ಆ ಡೈಲಾಗಿಗೇ ನಾ ಈ ಕ್ಯಾಸೆಟ್ ತಂದದ್ದು. ದುಬೈ ರೂಮಲ್ಲಿ ಎಲ್ಲರೂ ದಿನಾ ಹೇಳ್ತಿದ್ರು, ಬಿಕ್ಕಳಿಕೆ ಸಮೇತ. ನೀವಿಬ್ರೂ ಆಗ ಹುಟ್ಟಿರ್ಲಿಲ್ಲ."

ವ್ಯತ್ಯಾಸವಂತೂ ಸಿಕ್ಕಿತು; ಪಟ್ಟ ಇನ್ನೂ ನನ್ನ ಹತ್ತಿರವೇ ಇದೆ.