ಲೀನಾ ಒಳಗಿದ್ದೀನಿ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದರು ಠಾಣೆಯ ಫೋನು ಹೊಡೆದುಕೊಂಡಿತು. ಎತ್ತಿದವಳು ಮಹಿಳಾ ಪೇದೆ. ಆ ಕಡೆಯಿಂದ ಹೆಣ್ಣು ದನಿ, ಬಾಯಿ ಒಣಗಿದವರ ದನಿ.

"ಲೀನಾ ಒಳಗಿದ್ದೀನಿ. ಹೊರಗಿಂದ ಬೀಗ ಹಾಕಿದೆ. ಗಾಳಿ ಆಡ್ತಿಲ್ಲ. ಬೇಗ ಬನ್ನಿ."

"ಯಾವ ಲೀನಾ? ವಿಳಾಸ ಹೇಳಿ. ಹಲೋ?"

ಕರೆ ಕಡಿದುಹೋಯಿತು. ಪೇದೆ ಅದೇ ನಂಬರಿಗೆ ತಿರುಗಿ ಮಾಡಿದಳು. ಸ್ವಿಚ್ ಆಫ್.

ಇನ್‌ಸ್ಪೆಕ್ಟರ್ ಪಕ್ಕದ ಕೋಣೆಯಿಂದ ಎದ್ದು ಬಂದರು. ಕೇಳಿದ್ದನ್ನು ಕೇಳಿದ ಹಾಗೆಯೇ ಠಾಣಾ ದಿನಚರಿಗೆ ಹಾಕಿಸಿದರು. ಅಕ್ರಮ ಬಂಧನದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಫಿರ್ಯಾದುದಾರರ ಹೆಸರಿನ ಜಾಗದಲ್ಲಿ ರೈಟರ್ 'ಅಪರಿಚಿತ ಮಹಿಳೆ' ಎಂದು ಬರೆದ. ಆರೋಪಿಯ ಜಾಗದಲ್ಲಿ 'ಅಪರಿಚಿತರು' ಎಂದ. ಸ್ಥಳದ ಮುಂದೆ ಪೆನ್ನು ನಿಂತಿತು.

"ಯಾವ ಲೀನಾ ಅಂತ ಬರೀಲಿ ಸಾರ್?"

ಆ ಊರಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಬಂದರು ಕಟ್ಟಿಸಿದ ಹಡಗಿನ ಸಾಹುಕಾರನೊಬ್ಬ ಹಿಂದೆ ತನ್ನ ಹೆಂಡತಿಯ ಹೆಸರನ್ನು ಕಂಡಕಂಡದ್ದಕ್ಕೆಲ್ಲ ಇಟ್ಟುಬಿಟ್ಟಿದ್ದ. ಲೀನಾ ಬೀದಿ, ಲೀನಾ ಟಾಕೀಸು, ಲೀನಾ ಐಸ್ ಕಾರ್ಖಾನೆ, ಆಚೆ ದಡಕ್ಕೆ ಹೋಗುವ ಲೀನಾ ಲಾಂಚು. ಅವನು ಸತ್ತ ಮೇಲೂ ಆ ಹೆಸರು ಸಾಯಲಿಲ್ಲ. ಲೀನಾ ಅಪಾರ್ಟ್‌ಮೆಂಟು ಬಂತು, ಲೀನಾ ಡ್ರೈ ಕ್ಲೀನರ್ಸ್ ಬಂತು. ಹುಟ್ಟಿದ ಹೆಣ್ಣುಮಕ್ಕಳಿಗೂ ಜನ ಅದನ್ನೇ ಇಟ್ಟರು. ಒಂದು ಶಾಲೆಯ ಒಂದೇ ತರಗತಿಯಲ್ಲಿ ಉದ್ದ ಲೀನಾ, ಗಿಡ್ಡ ಲೀನಾ, ಕನ್ನಡಕದ ಲೀನಾ ಇರುತ್ತಿದ್ದರು.

"ನಮ್ಮ ಅತ್ತಿಗೇನೂ ಲೀನಾನೇ ಸಾರ್," ಎಂದ ಮೀಸೆ ದಫೇದಾರ.

"ಅವರೊಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ನಿಮ್ಮಣ್ಣಾನೇ ಇರಬೇಕು. ಜೀಪ್ ತೆಗೀರಿ."

ನಗುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಗಾಳಿ ಆಡ್ತಿಲ್ಲ ಎಂದಿದ್ದಳು ಆಕೆ. ಫೋನು ಕಂಪನಿಯವರು ಕರೆ ಬಂದರಿನ ಹಿಂದಿನ ಕೇರಿಗಳ ಟವರಿನಿಂದ ಬಂದಿದೆ ಎಂದರು. ಸಿಮ್ಮು ಮಾತ್ರ ಬೇರೆ ಊರಿನ ಹೆಂಗಸೊಬ್ಬಳದು. ಅಲ್ಲಿನ ಠಾಣೆಯವರು ವಿಳಾಸಕ್ಕೆ ಹೋಗಿ ನೋಡಿ, ಮನೆಗೆ ಬೀಗ ಬಿದ್ದಿದೆ, ಆಕೆ ಎಲ್ಲಿಗೆ ಹೋಗಿದ್ದಾಳೆಂದು ಅಕ್ಕಪಕ್ಕದವರಿಗೆ ಗೊತ್ತಿಲ್ಲ ಎಂದು ತಿಳಿಸಿದರು.

ಟಾಕೀಸು ಮುಚ್ಚಿ ವರ್ಷಗಳಾಗಿದ್ದವು. ಬೀಗ ಒಡೆದು ಟಾರ್ಚು ಬಿಟ್ಟರೆ ಹರಿದ ಕುರ್ಚಿಗಳು, ಪಾರಿವಾಳದ ಹಿಕ್ಕೆ. ಐಸ್ ಕಾರ್ಖಾನೆಯ ತಣ್ಣನೆ ಕೋಣೆಗಳನ್ನು ಒಂದೊಂದಾಗಿ ತೆಗೆಸಿದರು. ಕೆಲಸಗಾರರು ಕೈಕಟ್ಟಿ ನಿಂತು ನೋಡಿದರು. ಲಾಂಚನ್ನು ದಡಕ್ಕೆ ಕರೆಸಿ, ಪ್ರಯಾಣಿಕರನ್ನು ಇಳಿಸಿ, ದಫೇದಾರ ಇಂಜಿನ್ ಕೋಣೆಗೆ ತೂರಿದ. ಮೈಯೆಲ್ಲ ಎಣ್ಣೆ ಮಾಡಿಕೊಂಡು ಮೇಲೆ ಬಂದ. ಅಪಾರ್ಟ್‌ಮೆಂಟಿನಲ್ಲಿ ಕೆಟ್ಟು ನಿಂತ ಲಿಫ್ಟಿನ ಬಾಗಿಲನ್ನು ಹಾರೆಯಿಂದ ಮೀಟಿದರು. ಒಳಗೆ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಮತ್ತೆ ಗಡಿಯಾರ ನೋಡಿಕೊಂಡರು. ಪ್ರತಿ ಬಾಗಿಲು ತೆರೆದಾಗಲೂ ಬೇರೆಲ್ಲೋ ಒಂದು ಬಾಗಿಲು ಇನ್ನೂ ಮುಚ್ಚಿಕೊಂಡೇ ಇದೆ. ಅದರ ಹಿಂದೆ ಒಬ್ಬಳು ತಮ್ಮ ಜೀಪಿನ ಸದ್ದಿಗೆ ಕಿವಿಯಾನಿಸಿ ಕೂತಿದ್ದಾಳೆ.

ಹನ್ನೆರಡೂವರೆಗೆ ಠಾಣೆಗೆ ಮರಳಿದರು. ಠಾಣೆಗೆ ಬರುವ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಇನ್‌ಸ್ಪೆಕ್ಟರ್ ಪೇದೆಯನ್ನು ಕೂರಿಸಿಕೊಂಡು ಮತ್ತೆ ಕೇಳಿದರು. ಇನ್ನೊಮ್ಮೆ ಕೇಳಿದರು.

"ನೀನು ಬರ್ಕೊಂಡಿದ್ದನ್ನ ಓದಮ್ಮ."

"ಲೀನಾ ಒಳಗಿದ್ದೀನಿ."

"ನೀನು ಒಂದೇ ಉಸಿರಿಗೆ ಓದ್ತೀಯ. ಇದನ್ನ ಕೇಳು."

ಪೇದೆ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮೊದಲ ಮಾತು ದೂರದಿಂದ ಬರುತ್ತಿತ್ತು. ಒಡಕು ದನಿ, ಕೊನೆಯಲ್ಲಿ ಎಳೆತ. ಎರಡನೆಯದು ಫೋನಿಗೆ ಬಾಯಿ ಹಚ್ಚಿ ಆಡಿದ್ದು. ಕರೆ ಕಡಿಯುವ ಮುಂಚೆ, ತಾನೇ ಹಲೋ ಎನ್ನುವುದರ ಅಡಿಯಲ್ಲಿ, ಮತ್ತೊಮ್ಮೆ ಆ ದೂರದ ದನಿ: ಲೀನಾ.

"ಇಬ್ಬರಿದಾರೆ ಸಾರ್! ಮೊದಲನೇದು ಯಾರೋ ಮುದುಕಿ."

"ಮುದುಕಿ ಮಲಗಿದ್ದಲ್ಲಿಂದಲೇ ಯಾರನ್ನೋ ಕರೀತಿದಾಳೆ, ಎದ್ದು ಬರೋಕಾಗ್ತಿಲ್ಲ. ಫೋನ್ ಮಾಡಿದವಳು ಬರೀ 'ಒಳಗಿದ್ದೀನಿ' ಅಂದಿದಾಳೆ."

"ಹಾಗಾದ್ರೆ ನಾವು ಬೆಳಗ್ಗಿಂದ ಹುಡುಕಿದ್ದು?"

"ಬೋರ್ಡುಗಳನ್ನ," ಎಂದು ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು.

ಬಂದರಿನ ಹಿಂದಿನ ಕೇರಿಗಳಿಗೆ ಇರುವುದು ಒಂದೇ ಔಷಧಿ ಅಂಗಡಿ. ಹಾಸಿಗೆ ಹಿಡಿದ ಮುದುಕಿಯಿರುವ ಮನೆ ಯಾವುದು, ಆ ಮನೆಯಲ್ಲಿ ಲೀನಾ ಅನ್ನುವವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಅಂಗಡಿಯವನು ತಡವರಿಸಲೇ ಇಲ್ಲ.

"ಮೂಲೆ ಮನೆ ಟೇಲರಮ್ಮ ಸಾರ್, ಲೀನಾ ಅಂದ್ರೆ ಅವರೇ. ಅವರಮ್ಮನಿಗೆ ಹುಣ್ಣಿನ ಮುಲಾಮು, ಡೈಪರು ಎಲ್ಲ ಇಲ್ಲೇ ತಗೊಳ್ಳೋದು. ದಿನಾ ಬಾಗಿಲು ತೆಗೆಯೋ ಹೊತ್ತಿಗೆ ಬಂದು ನಿಂತಿರ್ತಾರೆ. ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ."

"ವಿಚಾರಿಸಲಿಲ್ವಾ ನೀವು?"

ಅಂಗಡಿಯವನು ಗಲ್ಲಾಪೆಟ್ಟಿಗೆಯ ಕಡೆ ನೋಡಿದ. "ಸಂಜೆ ಹೋಗಿ ನೋಡೋಣ ಅಂದ್ಕೊಂಡಿದ್ದೆ ಸಾರ್."

ಮೂಲೆ ಮನೆ ಸಾಲುಮನೆಗಳ ಕೊನೆಯದು. ಮುಂಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಒಳಗಿಂದ ಕೂಗೇನಾದ್ರೂ ಕೇಳಿಸ್ತಾ?"

"ಆ ಮನೆ ಕೂಗು ಯಾವಾಗ ನಿಂತಿದೆ ಹೇಳಿ! ಮುದುಕಮ್ಮಂಗೆ ಬುದ್ಧಿ ಸ್ಥಿಮಿತ ತಪ್ಪಿದೆ. ಹಗಲೂ ರಾತ್ರಿ ಲೀನಾ ಲೀನಾ ಅಂತ ಒಂದೇ ಸಮ. ನಾವೇ ಒಂದ್ಸಲ ಹೋಗಿ ಜಗಳ ಆಡಿ ಬಂದ್ವಿ, ಮಕ್ಕಳಿಗೆ ಓದಕ್ಕಾಗಲ್ಲ ಅಂತ. ಆಮೇಲೆ ಆಯಮ್ಮ ಒಳಕೋಣೆ ಕಿಟಕಿಗೆ ಹಲಗೆ ಹೊಡೆಸಿ, ಹಾಸಿಗೆ ಆನಿಸಿ ಮುಚ್ಚಿಬಿಟ್ರು."

"ನಿನ್ನೆ, ಇವತ್ತು ಬೇರೆ ದನಿ ಇರಲಿಲ್ವಾ?"

ಆಕೆ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಬಾಗಿಲು ಬಡಿಯೋ ಸದ್ದು ಇತ್ತು. ನಾವು ಕಿವಿ ಕೊಡೋದನ್ನ ಬಿಟ್ಟು ತುಂಬ ದಿನ ಆಯ್ತು."

ಔಷಧಿ ಅಂಗಡಿಯವನನ್ನೂ ಪಕ್ಕದ ಮನೆಯಾಕೆಯನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಬೀಗ ಒಡೆದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಮಿಷನ್ನಿನ ಮೇಲೆ ಒಂದು ಫೋನು. ಅದರ ಪಕ್ಕ ಜಿಪ್ ಎಳೆದು ಸಿದ್ಧವಾಗಿಟ್ಟ ಪ್ರಯಾಣದ ಚೀಲ. ಒಳಕೋಣೆಯ ಬಾಗಿಲಿಗೆ ದಪ್ಪನೆ ಅಗುಳಿ, ಅದಕ್ಕೆ ಇನ್ನೊಂದು ಬೀಗ.

ಆ ಬಾಗಿಲು ತೆರೆದಾಗ ಬಂದ ಗಾಳಿಗೆ ಪೇದೆ ಮುಖ ತಿರುಗಿಸಿದಳು. ನೆಲದ ಮೇಲೆ, ಬಾಗಿಲ ಸಂದಿಗೆ ಮೂಗು ಹಚ್ಚಿ, ಮೂವತ್ತರ ಆಸುಪಾಸಿನ ಹೆಂಗಸು ಮಲಗಿದ್ದಳು. ಬಡಿದು ಬಡಿದು ಕೈಗಳು ಊದಿದ್ದವು. ಮಂಚದ ಮೇಲೆ ಮೂಳೆಚಕ್ಕಳದ ಮುದುಕಿ ಸೂರು ನೋಡುತ್ತಿದ್ದಳು. ಪೊಲೀಸರನ್ನು ಕಂಡು, "ಲೀನಾ," ಎಂದಳು. ದಫೇದಾರನ ಬೆಲ್ಟು ಮುಟ್ಟಿ, "ಲೀನಾ," ಎಂದಳು.

ಇಬ್ಬರಿಗೂ ಜೀವವಿತ್ತು. ಆಂಬುಲೆನ್ಸ್ ಬರುವವರೆಗೆ ಪೇದೆ ಕಿರಿಯವಳನ್ನು ಬಾಗಿಲ ಬಳಿ ಕೂರಿಸಿ ನೀರು ಕುಡಿಸಿದಳು.

"ಬೀಗ ಹಾಕಿದವರು ಯಾರಮ್ಮ?"

"ಅಕ್ಕ."

"ಯಾವಾಗ?"

"ನಿನ್ನೆ ಬೆಳಿಗ್ಗೆ. ಎಂಟು ವರ್ಷ ಆದ್ಮೇಲೆ ಬಂದಿದ್ದೆ, ನೋಡ್ಕೊಂಡು ಹೋಗೋಣ ಅಂತ. ಬಸ್ಸಿಗೆ ಹೊರಟಿದ್ದೆ. ಅಮ್ಮನ ಹತ್ರ ಸ್ವಲ್ಪ ಕೂತಿರು, ಹಾಲು ತರ್ತೀನಿ ಅಂದ್ಳು. ಬಾಗಿಲು ಹಾಕಿದ ಸದ್ದಾಯ್ತು."

"ಫೋನ್ ಇತ್ತಲ್ಲ. ನಿನ್ನೇನೇ ಯಾಕೆ ಮಾಡ್ಲಿಲ್ಲ?"

"ಅವಳಿಗೆ ಮಾಡಿದೆ. ಫೋನು ಹೊರಗಡೇನೇ ಹೊಡ್ಕೊಳ್ತಿತ್ತು." ಅವಳು ಊದಿದ ಬೆರಳುಗಳನ್ನು ನೋಡಿಕೊಂಡಳು. "ಒಡಹುಟ್ಟಿದವಳ ಮೇಲೆ ಪೊಲೀಸರಿಗೆ ಹೇಗೆ ಹೇಳಲಿ? ಬರ್ತಾಳೆ ಅಂದ್ಕೊಂಡೆ. ಅಕ್ಕ ಯಾವಾಗ್ಲೂ ಬರ್ತಾಳೆ. ಬೆಳಗಾಗೋ ಹೊತ್ತಿಗೆ ಅಮ್ಮನ ಉಸಿರು ಗೊರಗೊರ ಅನ್ನೋಕೆ ಶುರುವಾಯ್ತು. ಆಗ ಹೆದರಿದೆ. ಮಾಡಿದ್ರೆ ಸಿಗ್ನಲ್ಲೇ ಇಲ್ಲ. ಕೋಣೆಯೆಲ್ಲಾ ಸುತ್ತಿ ಸುತ್ತಿ, ಕೊನೆಗೆ ಒಂದ್ಸಲ ಸಿಕ್ತು. ಅಷ್ಟರಲ್ಲಿ ಚಾರ್ಜೂ ಮುಗೀತು."

"ಜಗಳ ಏನಾದ್ರೂ ಆಗಿತ್ತಾ?"

"ಏನೂ ಇಲ್ಲ. ಹಿಂದಿನ ಸಂಜೆ ಚೆನ್ನಾಗೇ ಮಾತಾಡಿದ್ವಿ."

ಪಂಚನಾಮೆ ಬರೆಯುವಾಗ ಮನೆಯಿಂದ ಏನು ಹೋಗಿದೆ ಎಂದು ನೋಡಿದರು. ಒಡವೆ, ಬಟ್ಟೆ, ಚಪ್ಪಲಿಯ ಜೋಡಿಗಳು ಇದ್ದಲ್ಲೇ ಇದ್ದವು. ಮುಂದಿನ ಕೋಣೆಯ ಮೂಲೆಯಲ್ಲಿ ಅಕ್ಕ ಮಲಗುವ ಚಾಪೆ ಸುತ್ತಿಟ್ಟಿತ್ತು. ತಲೆದಿಂಬು ಮಾತ್ರ ಇರಲಿಲ್ಲ.

"ದಿಂಬು ಹಿಡ್ಕೊಂಡು ಓಡಿಹೋಗೋ ಆರೋಪೀನ ನಾನಂತೂ ಕಂಡಿಲ್ಲ ಸಾರ್," ಎಂದ ದಫೇದಾರ.

"ಬೀದೀಲಿ ಜನಾನೂ ಕಂಡಿರಲ್ಲ. ಹಾಗಾಗಿ ನೆನಪಿಟ್ಕೊಂಡಿರ್ತಾರೆ."

ನೆನಪಿಟ್ಟುಕೊಂಡಿದ್ದರು. ಹಾಲಿನ ಬೂತಿನವಳು ಕಂಡಿದ್ದಳು. ಬಸ್ ನಿಲ್ದಾಣದ ಪೇಪರ್ ಮಾರುವವನು, ಕಂಕುಳಲ್ಲಿ ದಿಂಬು ಸಿಕ್ಕಿಸಿಕೊಂಡು ಬರಿಗಾಲಲ್ಲಿ ಎದುರಿನ ವಸತಿಗೃಹದ ಮೆಟ್ಟಿಲು ಹತ್ತಿದಳು ಎಂದು ಬೆರಳು ತೋರಿಸಿದ. ವಸತಿಗೃಹದ ಮ್ಯಾನೇಜರ್ ಪೊಲೀಸರನ್ನು ಕಂಡದ್ದೇ ಎದ್ದುನಿಂತ.

"ಎರಡನೇ ಮಹಡಿ, ಹಿಂದಿನ ಕೋಣೆ ಸಾರ್. ನಿನ್ನೆ ಬೆಳಿಗ್ಗೆ ಬಂದೋರು ಹೊರಗೇ ಬಂದಿಲ್ಲ. ಯಾರೂ ಎಬ್ಬಿಸಬೇಡಿ ಅಂದ್ರು. ಹೆಸರು ಕೇಳಿದ್ರೆ, 'ಟೇಲರ್ ಅಂತ ಬರ್ಕೊಳ್ಳಿ, ಹೆಸರು ಬೇಡ' ಅಂದ್ರು."

ಕದ ತಟ್ಟಿದರೆ ಉತ್ತರವಿಲ್ಲ. ದಫೇದಾರ ಕೆಟ್ಟದ್ದನ್ನು ಎಣಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದ. ಮ್ಯಾನೇಜರನ ಹತ್ತಿರ ಇನ್ನೊಂದು ಕೀಲಿಯಿತ್ತು. ಒಳಗೆ ಮೊದಲು ಹೋದವಳು ಪೇದೆ. ನಲವತ್ತೈದು ದಾಟಿದ ಹೆಂಗಸು, ಮಂಚದ ಮೇಲೆ ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಭುಜ ಮುಟ್ಟಿದ್ದೇ ತಡ, ದಡಬಡಿಸಿ ಎದ್ದು ಕೂತಳು.

"ಗಂಟೆ ಎಷ್ಟು? ಅಮ್ಮನಿಗೆ ಮಗ್ಗುಲು ಬದಲಿಸಬೇಕು."

ಆಮೇಲೆ ಖಾಕಿ ಬಟ್ಟೆ ಕಣ್ಣಿಗೆ ಬಿತ್ತು.

"ಇದಾರಾ?" ಎಂದಳು.

"ಇದಾರೆ. ಇಬ್ಬರೂ ಆಸ್ಪತ್ರೇಲಿ." ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡರು. "ಬೀಗ ನೀವೇ ಹಾಕಿದ್ದಾ?"

"ನಾನೇ."

"ಸಾಯಲಿ ಅಂತಾನಾ?"

"ಇಲ್ಲ! ಸಂಜೆವರೆಗೆ ಅಂತ. ಒಂದು ಹಗಲು ನಿದ್ದೆ ಮಾಡಿ ಎದ್ದು ಹೋಗೋಣ ಅಂತ. ತಲೆ ಇಟ್ಟಿದ್ದಷ್ಟೇ ಗೊತ್ತು."

"ನಡುವೆ ಎಚ್ಚರಾನೇ ಆಗಲಿಲ್ವಾ?"

ಅವಳು ಸುಳ್ಳು ಹೇಳಬಹುದಿತ್ತು. ರಾತ್ರಿ ಆ ಕೋಣೆಯಲ್ಲಿ ಅವಳನ್ನು ನೋಡಿದವರು ಯಾರೂ ಇರಲಿಲ್ಲ.

"ಒಂದ್ಸಲ ಆಯ್ತು. ಕತ್ತಲಾಗಿತ್ತು. ಯಾರೂ ಕರೀತಿರಲಿಲ್ಲ. ಅಷ್ಟು ಮೌನ ಕೇಳಿ ಹನ್ನೊಂದು ವರ್ಷ ಆಗಿತ್ತು ಸಾರ್. ಮತ್ತೆ ಮಲಗಿದೆ."

"ಆಗ ಹೋಗಬಹುದಿತ್ತಲ್ಲ?"

"ಹೋಗಬಹುದಿತ್ತು."

"ಆ ಕೋಣೇಲಿ ಗಾಳಿ ಇಲ್ಲ ಅಂತ ಗೊತ್ತಿರಲಿಲ್ವಾ?"

"ಕಿಟಕಿ ಮುಚ್ಚಿದ ಮೇಲೆ ಅದರೊಳಗೆ ಉಸಿರಾಡ್ತಿದ್ದವಳು ನಾನೇ ಅಲ್ವಾ ಸಾರ್."

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಪೇದೆ ಅವಳ ದಿಂಬನ್ನು ಎತ್ತಿಕೊಂಡು, ಏನು ಮಾಡಬೇಕೆಂದು ತಿಳಿಯದೆ, ಜೀಪಿನ ಹಿಂದಿನ ಸೀಟಿನಲ್ಲಿಟ್ಟಳು.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಳ್ಳುವಾಗ ಇನ್‌ಸ್ಪೆಕ್ಟರ್ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತು. ಹನ್ನೊಂದು ವರ್ಷ ಸಹಿಸಿದವಳು ನಿನ್ನೆಯೇ ಯಾಕೆ?

"ಅಮ್ಮನಿಗೆ ಬೇರೆ ಮಾತೆಲ್ಲ ಮರೆತುಹೋಗಿದೆ," ಎಂದಳು. "ಉಳಿದಿದ್ದು ಅದೊಂದೇ. ನೀರಿಗೂ ಲೀನಾ, ಚಮಚಕ್ಕೂ ಲೀನಾ, ಬೆನ್ನು ನೋವಿಗೂ, ಗೋಡೆ ಮೇಲಿನ ಹಲ್ಲಿಗೂ ಅದೇ. ನನ್ನನ್ನ ಕರೀತಿದಾಳೆ ಅಂತ ಓಡಿಹೋದ್ರೆ ನನ್ನ ಮುಖ ನೋಡಿ ಯಾರು ಅನ್ನೋ ಹಾಗೆ ನೋಡ್ತಾಳೆ. ಹೊರಗೆ ಬಂದ್ರೆ ಊರು ತುಂಬ ಅದೇ ಬೋರ್ಡು. ಎಲ್ಲಿಗೆ ಹೋಗಲಿ? ತಂಗಿ ಬಂದು ಒಂದು ಸಂಜೆ ಅಮ್ಮನ ಪಕ್ಕ ಕೂತಳು. ಏನಂದ್ಳು ಗೊತ್ತಾ? 'ಅಮ್ಮ ಎಷ್ಟು ಪ್ರೀತಿಯಿಂದ ನಿನ್ನ ಹೆಸರು ಹಿಡಿದು ಕರೀತಾಳೆ ಅಕ್ಕ. ನನ್ನ ಹೆಸರು ಒಂದ್ಸಲಾನೂ ಇಲ್ಲ. ನೀನು ಪುಣ್ಯ ಮಾಡಿದ್ದೀಯ.' ಹೊಟ್ಟೆಕಿಚ್ಚಿನಿಂದಲ್ಲ ಸಾರ್, ನಿಜವಾಗ್ಲೂ ಕಣ್ಣೀರು ಹಾಕ್ಕೊಂಡು ಅಂದ್ಳು. ಒಂದು ದಿನ ಆ ಪುಣ್ಯ ಅವಳೂ ಕೇಳಲಿ ಅನ್ನಿಸ್ತು."

ರೈಟರ್ ತಲೆ ಎತ್ತದೆ ಬರೆಯುತ್ತಿದ್ದ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮಾತಾಡಿದ್ದು ನರ್ಸು. ತಂಗಿಗೆ ಅಪಾಯವಿಲ್ಲ. ಮುದುಕಿಗೆ ಗ್ಲೂಕೋಸ್ ಹಾಕಿದ್ದಾರೆ, ಉಸಿರು ಸರಿಹೋಗಿದೆ. ಆದರೆ ಸುಮ್ಮನಾಗುತ್ತಲೇ ಇಲ್ಲ. ನೀರು ಕೊಟ್ಟಾಯಿತು, ಹೊದಿಕೆ ಹೊದಿಸಿದ್ದಾಯಿತು. ಅದೇ ಒಂದು ಹೆಸರು, ವಾರ್ಡಿನಲ್ಲಿ ಬೇರೆ ಯಾರಿಗೂ ನೆಮ್ಮದಿಯಿಲ್ಲ.

ಫೋನಿನಿಂದ ಆ ಒಡಕು ದನಿ ಮೇಜಿನ ಈಚೆಗೂ ಕೇಳುತ್ತಿತ್ತು. ಇನ್‌ಸ್ಪೆಕ್ಟರ್ ಕಿವಿಗೆ ಒತ್ತಿಕೊಂಡರೂ ಕೇಳುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಎರಡು ಸಲ ಆಲಿಸಿದಳು.

"ಲೈಟು ಸಾರ್," ಎಂದಳು. "ಕೊನೇಲಿ ಹಾಗೆ ಎಳೆದ್ರೆ ಲೈಟು ಕಣ್ಣಿಗೆ ಚುಚ್ತಿದೆ ಅಂತ. ಆರಿಸೋಕೆ ಹೇಳಿ."

ಇನ್‌ಸ್ಪೆಕ್ಟರ್ ಹೇಳಿದರು. ಆ ಕಡೆ ಯಾರೋ ನಡೆದುಹೋದ ಸದ್ದು, ಸ್ವಿಚ್ಚಿನ ಟಕ್ ಎಂಬ ಸದ್ದು. ಆಮೇಲೆ ಫೋನಿನಲ್ಲಿ ಏನೂ ಕೇಳಿಸಲಿಲ್ಲ.