ಅವನಿಗೆ ನಿದ್ದೆ ಬರಬಾರದು

"ನಿಲ್ಲು! ಕಾಲೆತ್ತಬೇಡ!"

ಕುನ್ಜೆಸ್ ನಿಂತಲ್ಲೇ ನಿಂತಳು. ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆ ಯಾರು ಹಾಗೆ ಕೂಗಿದರೂ ನಿಲ್ಲಲೇಬೇಕು. ಆದರೆ ಅವಳ ಎದೆ ಧಸಕ್ಕೆಂದದ್ದು ಮಂಜುಗಡ್ಡೆಗೆ ಹೆದರಿ ಅಲ್ಲ... ಆ ದನಿ ಕೇಳಿ.

ಮೊತುಪ್!

ಬೆನ್ನ ಮೇಲೆ ಬೆಣ್ಣೆಯ ಹೊರೆ, ಕೈಯಲ್ಲಿ ಉದ್ದನೆಯ ಕೋಲು. ಅವಳ ಮುಂದಿನ ಮಂಜನ್ನು ಕೋಲಿನಿಂದ ಕುಟ್ಟಿ, ತಲೆ ಓರೆ ಮಾಡಿ ಸದ್ದು ಕೇಳಿದ.

"ಟೊಳ್ಳು. ಬಲಕ್ಕೆ ಬಾ," ಎಂದ. ಅವಳ ಮುಖ ಮಾತ್ರ ನೋಡಲಿಲ್ಲ.

ಎರಡು ವರ್ಷದ ಹಿಂದೆ ಇದೇ ಮೊತುಪ್ ಅವಳ ಕೈ ಹಿಡಿದು, "ಈ ಬೇಸಿಗೆಗೆ ನಿಮ್ಮ ಮಾವನ ಮನೆಗೆ ಛಾಂಗ್ ಕಳಿಸ್ತೀನಿ," ಎಂದಿದ್ದ. ಹೆಣ್ಣು ಕೇಳುವವರು ಗಡಿಗೆ ತುಂಬ ಛಾಂಗ್, ಅಂದರೆ ಬಾರ್ಲಿಯ ಮದ್ಯ, ಹೊತ್ತು ಹೋಗಬೇಕು. ಹೆಣ್ಣಿನ ಕಡೆಯವರು ಕುಡಿದರೆ ಒಪ್ಪಿಗೆ, ಮುಟ್ಟದೆ ವಾಪಸ್ ಕಳಿಸಿದರೆ ಮಾತು ಮುಗಿದಂತೆ. ಮೇಲಿನ ಹುಲ್ಲುಗಾವಲಿನಲ್ಲಿ ಹಾಲು ಕರೆಯುತ್ತಾ ಬೇಸಿಗೆಯಿಡೀ ಕಾದಳು ಹುಡುಗಿ. ಕೆಳಗಿಳಿದು ಬಂದಾಗ ಸೋದರಮಾವ ಟುಂಡುಪ್ ಹೇಳಿದ್ದು ಒಂದೇ ಮಾತು, "ಯಾರೂ ಬಂದಿಲ್ಲ ಕಣೇ."

ತಂದೆಯಿಲ್ಲದ ಹುಡುಗಿಗೆ ಮಾವನ ಮಾತೇ ವೇದವಾಕ್ಯ. ಈಗ ಆ ಮಾವ ಲೇಹ್ ಪಟ್ಟಣದ ಅಂಗಡಿಯವರ ಛಾಂಗ್ ಕುಡಿದಾಗಿತ್ತು. ಮದುವೆಗೆಂದು ಅವಳನ್ನು ಕರೆದುಕೊಂಡು ಹೊರಟವನೂ ಅವನೇ. ಕಣಿವೆಯ ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿಹೋದ ಮೇಲೆ ಉಳಿಯುವುದು ಈ ನದಿಯೊಂದೇ. ಅದರ ಮೇಲಿನ ಮಂಜಿನ ಹಾಸನ್ನು ನಾವು ಚಾದರ್ ಅನ್ನುತ್ತೇವೆ.

"ಒಬ್ಬನೇ ಹೊರಟಿದ್ದೀಯೇನೋ?" ಮಾವ ಒಲ್ಲದ ಮನಸ್ಸಿನಿಂದ ಕೇಳಿದ.

"ಜೊತೆಯವನಿಗೆ ಜ್ವರ ಬಂತು, ಆಜಂಗ್‌ಲೆ. ವಾಪಸ್ ಹೋದ." ಮಾವ ಎನ್ನುವ ಗೌರವದ ಕರೆ ಮಾತ್ರ ಬಿಡಲಿಲ್ಲ ಅವನು.

ಚಾದರ್ ಮೇಲೆ ಒಂಟಿಯಾಗಿ ಸಿಕ್ಕವನನ್ನು ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಹಗೆಯೇ ಆದರೂ ಸರಿ. ಮೂವರೂ ಸಾಲಾಗಿ ಹೊರಟರು. ಮುಂದೆ ಮೊತುಪ್.

"ನಾನು ಇಟ್ಟಲ್ಲೇ ಹೆಜ್ಜೆ ಇಡು," ಎಂದ ಅವನು, ತಿರುಗದೆ.

"ನಿನ್ನನ್ನ ನಂಬಿ ಕೆಟ್ಟಿದ್ದು ಸಾಕು!"

"ಓಹೋ... ಅಂಗಡಿಯವರ ಸೊಸೆ! ಕಾಲಿಗೆ ಕಂಬಳಿ ಹಾಸ್ಬೇಕಿತ್ತೇನೋ."

ಕುನ್ಜೆಸ್‌ಗೆ ಮೈಯೆಲ್ಲ ಉರಿಯಿತು. ಮಾತು ತಪ್ಪಿದವನು ಇವನು, ಮೇಲಿಂದ ಅಣಕ ಬೇರೆ! ನದಿಯ ತಿರುವಿನಲ್ಲಿ ಬೇಕೆಂದೇ ಅವನ ಜಾಡು ಬಿಟ್ಟು ಎಡಕ್ಕೆ ನಡೆದಳು. ಹಟಕ್ಕೆ ಬಿದ್ದವರಿಗೆ ನದಿ ಬುದ್ಧಿ ಹೇಳುವುದಿಲ್ಲ, ಬಾಯಿ ತೆರೆಯುತ್ತದೆ ಅಷ್ಟೇ.

ಕಾಲ ಕೆಳಗೆ ಚಟ್ ಎಂದಿತು.

ಮೊತುಪ್ ಹೊರೆ ಬಿಸಾಕಿ ಓಡಿ ಬಂದ. ಎರಡೂ ಕೈಯಿಂದ ಅವಳನ್ನು ದೂರ ತಳ್ಳಿದ. ಅವಳು ಬಿದ್ದದ್ದು ಗಟ್ಟಿ ಮಂಜಿನ ಮೇಲೆ... ಅವನು ಕತ್ತಿನವರೆಗೆ ನೀರಿನಲ್ಲಿ!

ಮಾವ ಸೊಂಟದ ಪಟ್ಟಿ ಬಿಚ್ಚಿ ಎಸೆದ. ಇಬ್ಬರೂ ಜಗ್ಗಿ ಎಳೆದರು. ಮಾವನ ನಿಲುವಂಗಿ ಅವನಿಗೆ ಹೊದಿಸಿ, ಮದುವೆಗೆಂದು ಇಟ್ಟಿದ್ದ ಶಾಲನ್ನು ಕುನ್ಜೆಸ್ ಚರ್ರೆಂದು ಹರಿದು ಅವನ ಪಾದಗಳಿಗೆ ಸುತ್ತಿದಳು. ಪಕ್ಕದ ಗುಹೆಯಲ್ಲಿ ಸೌದೆಯ ಚೂರೂ ಇರಲಿಲ್ಲ. ಹಿಂದೆ ಹೋದವರು ಎಲ್ಲ ಸುಟ್ಟಿದ್ದರು. ಬೆಂಕಿ ಬೇಕೆಂದರೆ ಚಿಲಿಂಗ್ ಊರಿನವರೆಗೆ ನಡೆಯಲೇಬೇಕು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊತುಪ್‌ನ ನಾಲಿಗೆ ತೊದಲತೊಡಗಿತು. ಆಮೇಲೆ ಅವನು ನಕ್ಕ.

"ಬಿಸಿಲು ಎಷ್ಟು ಹಿತವಾಗಿದೆ... ಒಂಚೂರು ಕೂತ್ಕೋತೀನಿ."

ಅಲ್ಲಿ ಬಿಸಿಲೇ ಇರಲಿಲ್ಲ.

"ಕೂತ್ರೆ ಹೆಣ!" ಮಾವ ಅರಚಿದ. "ಬೈಯೇ ಅವನಿಗೆ! ಬಾಯಿಗೆ ಬಂದದ್ದು ಬೈ! ಸಿಟ್ಟಿರೋನಿಗೆ ನಿದ್ದೆ ಹತ್ತಲ್ಲ."

ಕುನ್ಜೆಸ್ ಅವನ ಕೆನ್ನೆಗೆ ಬಾರಿಸಿದಳು. "ಏಳೋ ಹೇಡಿ! ಒಂದು ಗಡಿಗೆ ಛಾಂಗ್ ಕಳಿಸೋ ಯೋಗ್ಯತೆ ಇಲ್ದೋನು! ಥೂ!"

ಅವನ ಕಣ್ಣು ಅಗಲವಾಯಿತು.

"ಏನಂದೆ? ಎರಡು ಸಲ ಕಳಿಸಿದೀನಿ! ಎರಡು ಸಲಾನೂ ತುಂಬಿದ ಗಡಿಗೆ ಹಾಗೇ ವಾಪಸ್ ಬಂತು! ನಮ್ಮಮ್ಮ ಅದನ್ನ ಹೊತ್ಕೊಂಡು ದಾರಿ ಉದ್ದಕ್ಕೂ ಅಳ್ತಾ ಬಂದ್ಳು!"

ಅವಳು ನಿಧಾನವಾಗಿ ಮಾವನ ಕಡೆ ತಿರುಗಿದಳು. ಮಾವ ತಲೆ ತಗ್ಗಿಸಿದ್ದ.

"ಅವನ ಅಪ್ಪನ್ನ, ಅಣ್ಣನ್ನ, ಇಬ್ರನ್ನೂ ಈ ನದಿ ನುಂಗಿದೆ. ಅಕ್ಕನ ಮಗಳನ್ನ ಮುಂಡೆ ಮಾಡೋಕೆ ಆ ಮನೆಗೆ ಕೊಡ್ಲಾ?" ಎಂದ.

ಅವಳಿಗೆ ಅಳು ಒತ್ತರಿಸಿ ಬಂತು. ಎರಡು ವರ್ಷ... ಇವನನ್ನು ಶಪಿಸಿದ್ದೇ ಶಪಿಸಿದ್ದು!

"ನಿನಗೆ... ಗೊತ್ತೇ ಇರ್ಲಿಲ್ವಾ?" ಮೊತುಪ್‌ನ ಮುಖ ಸಡಿಲವಾಯಿತು. ತುಟಿಯ ಮೇಲೆ ಎಳೆಯ ನಗು. ಮೊಣಕಾಲು ಕುಸಿಯಿತು. "ಹಾಗಾದ್ರೆ ಸಾಕು, ಕುನ್ಜೆಸ್... ಇನ್ನು ಮಲಗ್ತೀನಿ."

ಅವನನ್ನು ತಬ್ಬಿಕೊಂಡು, ನೀನೇ ಬೇಕು ಅಂತ ಕೂಗಿ ಹೇಳಬೇಕೆನಿಸಿತು ಅವಳಿಗೆ. ಆದರೆ ಆ ಮಾತು ಕೇಳಿದರೆ ಅವನು ಸುಖವಾಗಿ ಕಣ್ಣು ಮುಚ್ಚುತ್ತಾನೆ. ಮತ್ತೆ ತೆರೆಯುವುದಿಲ್ಲ. 'ಅಯ್ಯೋ ದೇವರೇ, ನನ್ನ ಬಾಯಿಂದಲೇ ಇದನ್ನು ಹೇಳಿಸಬೇಕಾ?'

ಅವನ ಕೂದಲು ಹಿಡಿದು ಮುಖ ಮೇಲೆತ್ತಿದಳು.

"ಗೊತ್ತಿತ್ತು! ವಾಪಸ್ ಕಳಿಸಿ ಅಂದೋಳೇ ನಾನು! ಬೆಣ್ಣೆ ಹೊರೋನ ಜೊತೆ ಬಾಳೋಕೆ ನನಗೇನು ಹುಚ್ಚಾ? ನಿಮ್ಮಮ್ಮ ಗಡಿಗೆ ಹೊತ್ಕೊಂಡು ಹೋಗ್ತಿದ್ಲಲ್ಲ, ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕೆ!"

ಮಾವ ಏನೋ ಹೇಳಲು ಬಾಯಿ ತೆರೆದ. ಅವಳು ದುರುಗುಟ್ಟಿ ನೋಡಿದಳು.

ಮೊತುಪ್ ಎದ್ದ. ಹಲ್ಲು ಕಚ್ಚಿ ಎದ್ದ. "ನಿನ್ನ ಮುಖ ಇನ್ನು ಜನ್ಮದಲ್ಲಿ ನೋಡಲ್ಲ," ಎಂದು ಕಾಲೆಳೆಯುತ್ತಾ ನಡೆದ.

ಅವಳು ಬಿಡಲಿಲ್ಲ. ಅವನ ಹೆಜ್ಜೆ ನಿಧಾನವಾದಾಗಲೆಲ್ಲ ಇನ್ನೊಂದು ಇರಿತ. "ನಿಮ್ಮಪ್ಪ ಸತ್ತಿದ್ದು ಊರಿಗೇ ಒಳ್ಳೇದಾಯ್ತು," ಅಂದಳು. ಅಣ್ಣನ ಹೆಣ ಸಿಗದ ಸಂಗತಿಯನ್ನೂ ಎತ್ತಿ ಆಡಿದಳು. ಯಾವ ಮಾತು ಎಲ್ಲಿ ಚುಚ್ಚುತ್ತದೆಂದು ಪ್ರೀತಿಸಿದವಳಿಗಲ್ಲದೆ ಇನ್ಯಾರಿಗೆ ಗೊತ್ತು! ಹಿಂದೆ ನಡೆಯುತ್ತಿದ್ದ ಅವಳ ಕಣ್ಣೀರು ರೆಪ್ಪೆಯಲ್ಲೇ ಗಡ್ಡೆಕಟ್ಟುತ್ತಿತ್ತು, ಅದನ್ನು ಅವನು ನೋಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಚಿಲಿಂಗ್‌ನ ಒಲೆಯ ಮುಂದೆ ಅವನನ್ನು ಕೂರಿಸಿದರು.

ಜೀವ ಉಳಿಯಿತು. ಎಡಗಾಲಿನ ಬೆರಳುಗಳು ಉಳಿಯಲಿಲ್ಲ. ಲೇಹ್‌ನ ಆಸ್ಪತ್ರೆಯಲ್ಲಿ ಐದನ್ನೂ ಕತ್ತರಿಸಿದರು. ಮಾವ ಅಂಗಡಿಯವರ ಮನೆಗೆ ಹೋಗಿ ಮದುವೆ ಬೇಡವೆಂದು ಕೈಮುಗಿದು, ಅವರು ಅಂದದ್ದನ್ನೆಲ್ಲ ಅನ್ನಿಸಿಕೊಂಡು ಬಂದ. ಮೊತುಪ್‌ನ ಹತ್ತಿರವೂ ನಿಜ ಹೇಳಿದ. ಮೊತುಪ್ ಗೋಡೆಯ ಕಡೆ ತಿರುಗಿ ಮಲಗಿದ.

ಕುನ್ಜೆಸ್ ದಿನವೂ ಬಂದು ಆ ಬೆನ್ನನ್ನು ನೋಡುತ್ತಾ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಗೋಡೆಯ ಕಡೆಯಿಂದಲೇ ದನಿ ಬಂತು.

"ಅಮ್ಮನ್ನ ನೋಡಿ ನಕ್ಕಿದ್ದು?"

"ನಾನು ಅಲ್ಲಿರ್ಲೇ ಇಲ್ಲ ಕಣೋ!"

"ಅಪ್ಪ ಸತ್ತಿದ್ದು ಒಳ್ಳೇದಾಯ್ತು ಅಂದಿದ್ದು?"

"ಸುಳ್ಳು... ಎಲ್ಲಾ ಸುಳ್ಳು, ಮೊತುಪ್."

"ಸುಳ್ಳು ಅಂತ ಗೊತ್ತಾದ್ರೂ ನೋಯುತ್ತೆ, ಕುನ್ಜೆಸ್. ಕಾಲಿಗಿಂತ ಜಾಸ್ತಿ."

"ನೋಯ್ಲಿ. ಸತ್ತೋರಿಗೆ ನೋಯಲ್ಲ." ಅವಳು ಮಂಚದ ಹತ್ತಿರ ಸರಿದಳು. "ನೀನು ನನ್ನ ದ್ವೇಷ ಮಾಡಿದ್ರೂ ಸರಿ, ಬದುಕಿರ್ಬೇಕಿತ್ತು. ನೀನು ಅಂದ್ರೆ ನನಗೆ ಅಷ್ಟು ಪ್ರಾಣ."

ಅವನು ಮೆಲ್ಲಗೆ ಈ ಕಡೆ ಹೊರಳಿದ. ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು.

"ಅವತ್ತಿಂದ ನಿದ್ದೆ ಇಲ್ಲ. ಕಣ್ಣು ಮುಚ್ಚಿದ್ರೆ ನಿನ್ನ ಬೈಗುಳ."

ಕುನ್ಜೆಸ್ ತನ್ನ ಅಂಗೈಯನ್ನು ಅವನ ಕಣ್ಣುಗಳ ಮೇಲಿಟ್ಟಳು.

"ಈಗ ಮಲಗು."

"ಎದ್ದಾಗ ಇಲ್ಲೇ ಇರ್ತೀಯಾ?"

"ಇರ್ತೀನಿ. ತಡವಾಗಿ ಎದ್ರೆ ಮಾತ್ರ ಬೈತೀನಿ."